ಬೊನಾರಿಯಾಳ ಬೆರಳು ಪರೀಕ್ಷೆ

ಉಲಾಸ್ಸಾಯ್ ಊರಿನ ಹೆಂಗಸರೆಲ್ಲ ಒಂದು ವರ್ಷ ಓರೆ ಕೂದಲಿನಲ್ಲೇ ಓಡಾಡಿದರು. ಕಾರಣ ಬೊನಾರಿಯಾ ಲೊಡ್ಡೊ. ಊರಿನಲ್ಲಿ ಹೆಂಗಸರ ಕೂದಲು ಕತ್ತರಿಸುವ ಅಂಗಡಿ ಅವಳದೊಂದೇ. ನಲವತ್ತರ ಹೊಸ್ತಿಲಲ್ಲಿ ಅವಳ ಬಲಗೈ ಬೆರಳುಗಳಿಗೆ ಜೋಮು ಹಿಡಿದು, ಕತ್ತರಿ ತನ್ನಿಷ್ಟ ಬಂದಲ್ಲಿಗೆ ಹೋಗತೊಡಗಿತು. ಕಾಲ್ಯಾರಿ ಪಟ್ಟಣದ ಆಸ್ಪತ್ರೆಯಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರು. ಮೈಯ ಕಾವಲು ಪಡೆಯೇ ದಾರಿ ತಪ್ಪಿ ನರಗಳ ಹೊದಿಕೆಯನ್ನು ಕಿತ್ತು ತಿನ್ನುವ ಕಾಯಿಲೆ. ಈ ಸಾರ್ಡಿನಿಯಾ ದ್ವೀಪದಲ್ಲಿ ಹಾಗಂದರೇನು ಎಂದು ಯಾರೂ ಕೇಳುವುದಿಲ್ಲ. ಒಬ್ಬರ ಸೋದರತ್ತೆಗೋ ಇನ್ನೊಬ್ಬರ ತಮ್ಮನಿಗೋ ಅದು ಇದ್ದೇ ಇರುತ್ತದೆ.

ಊರಿನವರು ಅಯ್ಯೋ ಪಾಪ ಎನ್ನಲಿಲ್ಲ. ಎಂದಿನಂತೆ ಬಂದು ಕುರ್ಚಿಯಲ್ಲಿ ಕೂತರು.

"ಮುಂಗೂದಲು ಎಡಕ್ಕೆ ವಾಲಿದೆಯಲ್ಲೇ?" ಎಂದಳು ಒಬ್ಬಳು, ಕನ್ನಡಿ ನೋಡುತ್ತ.

"ಈಗ ಅದೇ ಫ್ಯಾಶನ್ನು ಕಣೇ."

"ಹಂಗಾದ್ರೆ ನನ್ನ ಗಂಡನ ಮೂಗೂ ಫ್ಯಾಶನ್ನೇ!"

ಆ ಚಳಿಗಾಲದಲ್ಲಿ ಹೊಸ ಔಷಧಿಯೊಂದರ ಪ್ರಯೋಗಕ್ಕೆ ಅವಳನ್ನು ಸೇರಿಸಿಕೊಂಡರು. ಪ್ರಯೋಗ ನಡೆಸುತ್ತಿದ್ದವಳು ಡಾಕ್ಟರ್ ಮುರ್ಜಾ, ನಗುವುದನ್ನು ಯಾರೋ ನಿಷೇಧಿಸಿದಂತೆ ಮುಖ ಬಿಗಿದುಕೊಂಡಿರುವ ಹೆಂಗಸು.

"ಅರ್ಧ ಜನಕ್ಕೆ ಹಳೇ ಔಷಧಿ, ಅರ್ಧ ಜನಕ್ಕೆ ಹೊಸದು. ಯಾರಿಗೆ ಯಾವುದು ಅಂತ ನಿಮಗೂ ಗೊತ್ತಿರಲ್ಲ, ನನಗೂ ಗೊತ್ತಿರಲ್ಲ."

"ನಿಮಗೇ ಗೊತ್ತಿಲ್ಲ ಅಂದ್ರೆ ಇನ್ಯಾರನ್ನ ಕೇಳೋದು ಡಾಕ್ಟ್ರೇ?"

"ನಿಮ್ಮ ಬೆರಳುಗಳನ್ನ," ಎಂದು ಮುರ್ಜಾ ತೂತುಗಳಿದ್ದ ಒಂದು ಹಲಗೆಯನ್ನು ಮುಂದೆ ಸರಿಸಿದಳು. ಸಣ್ಣ ಗೂಟಗಳನ್ನು ಒಂದೊಂದಾಗಿ ತೂತಿಗೆ ಸಿಕ್ಕಿಸಿ ಮತ್ತೆ ತೆಗೆಯಬೇಕು, ಅವಳು ಗಡಿಯಾರ ಹಿಡಿದು ನೋಡುತ್ತಾಳೆ. ಆ ದಿನ ಗೂಟಗಳೆಲ್ಲ ಮೇಜಿನ ಕೆಳಗೆ ಉರುಳಿದವು. ಬೊನಾರಿಯಾಳಿಗೆ ಅಳುವಿಗಿಂತ ಹೆಚ್ಚಾಗಿ ರೋಷ ಉಕ್ಕಿತು.

ಮನೆಗೆ ಬಂದವಳೇ ಬಡಗಿಯಾದ ಗಂಡ ಬಾಕಿಸಿಯೊನಿಂದ ಅಂಥದೇ ಹಲಗೆ ಮಾಡಿಸಿದಳು. ಅಂಗಡಿಯಲ್ಲಿ ಬಿಡುವಾದಾಗಲೆಲ್ಲ ಅದೇ ಕೆಲಸ. ನೋಡುತ್ತ ಕೂತವರಿಗೂ ಕೈ ತುರಿಸಿತು. ತಿಂಗಳು ಕಳೆಯುವುದರೊಳಗೆ ತಲೆಗೆ ಸುರುಳಿ ಸುತ್ತಿಕೊಂಡ ಹೆಂಗಸರು ಸರದಿ ನಿಂತು, ಯಾರು ಬೇಗ ಎಂದು ಪಂದ್ಯ ಕಟ್ಟಿ ಗೂಟ ಸಿಕ್ಕಿಸತೊಡಗಿದರು. ಗದ್ದಲದ ಬಗ್ಗೆ ದೂರಲು ಬಂದ ಪಾದ್ರಿ ಮೂರು ಆಟ ಸೋತು ಹೋದರು. ಎಲ್ಲರನ್ನೂ ಸೋಲಿಸುತ್ತಿದ್ದವಳು ಬೊನಾರಿಯಾಳ ಅತ್ತೆ ಆನ್ನಿಕಾ.

"ನಿನ್ನ ಕಾಯಿಲೆ ನನಗೆ ಬಂದಿದ್ರೆ ಡಾಕ್ಟ್ರಿಗೆ ಗೊತ್ತೇ ಆಗ್ತಿರಲಿಲ್ಲ ಕಣೇ ಸೊಸೆ!" ಎಂದು ಮುದುಕಿ ಕುಣಿದಾಡಿದಳು.

ಮುಂದಿನ ಬೇಸಿಗೆಯ ಪರೀಕ್ಷೆಯಲ್ಲಿ ಬೊನಾರಿಯಾಳ ಗೂಟಗಳು ಹಲಗೆಯ ಮೇಲೆ ಕೋಳಿ ಕಾಳು ಹೆಕ್ಕಿದಂತೆ ಟಕಟಕ ಓಡಿದವು. ಮುರ್ಜಾ ಗಡಿಯಾರ ನೋಡಿದಳು, ಅವಳನ್ನು ನೋಡಿದಳು, ಮತ್ತೆ ಗಡಿಯಾರ ನೋಡಿದಳು.

"ಏನಿದು ಪವಾಡ!"

ಬೊನಾರಿಯಾ ತಡೆಯಲಾರದೆ ಹೆಮ್ಮೆಯಿಂದ ಎಲ್ಲ ಹೇಳಿಬಿಟ್ಟಳು. ಹಲಗೆ, ಸರದಿ, ಪಾದ್ರಿ, ಅತ್ತೆ, ಯಾವುದನ್ನೂ ಬಿಡಲಿಲ್ಲ.

"ಅಯ್ಯೋ ತಾಯಿ, ಅಭ್ಯಾಸ ಮಾಡ್ಕೊಂಡು ಬಂದ್ರಾ? ಔಷಧಿಯಿಂದ ಆಯ್ತೋ ನಿಮ್ಮ ಹಠದಿಂದ ಆಯ್ತೋ, ನಾನೀಗ ಹೆಂಗೆ ಹೇಳಲಿ?" ಮುರ್ಜಾ ತಲೆಯ ಮೇಲೆ ಕೈ ಹೊತ್ತಳು. ಆಮೇಲೆ ಅವಳ ಭುಜ ಅಲುಗಿತು, ಬಿಗಿದ ತುಟಿಗಳ ಸಂದಿಯಿಂದ ಪುಸಕ್ಕನೆ ನಗು ನುಗ್ಗಿತು. "ಆ ಪಾದ್ರಿ... ಮೂರೂ ಸೋತರಾ?"

ನಗು ಮುಗಿದ ಮೇಲೆ ಮೆದುಳಿನ ಚಿತ್ರ ತೆಗೆಸಲು ಕಳಿಸಿದಳು. ಅದಕ್ಕೆ ಅಭ್ಯಾಸ ಮಾಡುವ ಉಪಾಯ ಉಲಾಸ್ಸಾಯ್‌ನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕಾಯುವಾಗ ಬೊನಾರಿಯಾ ಜೊತೆಗೆ ಬಂದಿದ್ದ ಗಂಡನ ಅಂಗಿಯ ಗುಂಡಿಯೊಂದನ್ನು ತಿರುಚಿ ತಿರುಚಿ ಕಿತ್ತೇಬಿಟ್ಟಳು. ಹೋದ ವರ್ಷ ಪ್ರತಿ ಚಿತ್ರದಲ್ಲೂ ಕಾಯಿಲೆಯ ಹೊಸ ಬಿಳಿ ಕಲೆಗಳು ಮೂಡಿದ್ದವು. ಈ ಸಲ ಮುರ್ಜಾ ಕಂಪ್ಯೂಟರಿನ ತೆರೆಯನ್ನು ಅವಳ ಕಡೆಗೇ ತಿರುಗಿಸಿದಳು.

"ಹೊಸದು ಒಂದೂ ಇಲ್ಲ."

"ಒಂದೂ?"

"ಒಂದೂ."

ಹೊರಗೆ ಬಂದ ಬೊನಾರಿಯಾ ಸಮುದ್ರದ ಹತ್ತಿರ ಕಾರು ನಿಲ್ಲಿಸಲು ಗಂಡನಿಗೆ ಹೇಳಿದಳು. ಚಪ್ಪಲಿ ಬಿಡಲಿಲ್ಲ, ಲಂಗ ಎತ್ತಿಕೊಳ್ಳಲಿಲ್ಲ, ಎಡವುತ್ತಲೇ ಓಡಿ ನೀರಿಗೆ ಬಿದ್ದಳು.

"ಹುಚ್ಚು ಹಿಡೀತೇನೇ ನಿನಗೆ?" ಎಂದು ಕೂಗುತ್ತ ಬಾಕಿಸಿಯೊ ಹಿಂದೆಯೇ ಓಡಿದ. ಅವಳು ಅವನ ಕಾಲು ಹಿಡಿದು ಎಳೆದಳು. ಇಬ್ಬರೂ ಉಪ್ಪುನೀರು ಕುಡಿದು, ಕೆಮ್ಮಿ, ನಕ್ಕು ಸಾಕಾಗಿ ದಡಕ್ಕೆ ಬಂದಾಗ ಅವನು ಜೇಬು ತಡವಿದ. ಕಾರಿನ ಕೀಲಿ ಸಮುದ್ರದ ಪಾಲಾಗಿತ್ತು.

"ಹೋಗ್ಲಿ ಬಿಡು, ಮೀನುಗಳು ಓಡಿಸ್ಕೊಳ್ಳಲಿ," ಎಂದಳು ಅವಳು.

ಊರಿಗೆ ಬಸ್ಸಿನಲ್ಲಿ ಹೊರಟರು. ಡ್ರೈವರ್ ಗೊಣಗುತ್ತ ಸೀಟಿನ ಮೇಲೆ ಹಳೇ ಪತ್ರಿಕೆ ಹಾಸಿಕೊಟ್ಟ. ಯಾಕೆ ಒದ್ದೆಯಾಗಿದ್ದೀರಿ ಎಂದು ಮುಂದಿನ ಸೀಟಿನ ಹೆಂಗಸು ಕೇಳಿದ್ದೇ ತಡ, ಬೊನಾರಿಯಾ ಇಡೀ ಬಸ್ಸಿಗೆ ತನ್ನ ಮೆದುಳಿನ ಸಮಾಚಾರ ಸಾರಿದಳು. ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು. ಇನ್ಯಾರೋ ಚೀಲದಿಂದ ಚೀಸಿನ ತುಂಡು ಕತ್ತರಿಸಿ ಕೊಟ್ಟರು. ಬೆಟ್ಟದ ತಿರುವುಗಳಲ್ಲಿ ಗಂಡ ಹೆಂಡತಿ ಒಬ್ಬರ ಮೇಲೊಬ್ಬರು ವಾಲುತ್ತ, ಪಚಪಚ ಸದ್ದು ಮಾಡುತ್ತ ನಗುತ್ತಿದ್ದರು.

ಅವಳಿಗೆ ಸಿಕ್ಕಿದ್ದು ಹೊಸ ಔಷಧಿಯೇ ಎಂದು ಪ್ರಯೋಗ ಮುಗಿದಾಗ ತಿಳಿಯಿತು. ಎಲ್ಲರಿಗೂ ಅದು ಹೀಗೆ ಒಗ್ಗಲಿಲ್ಲ, ಅವಳ ಕಿರುಬೆರಳಿನ ಜೋಮೂ ಇನ್ನೂ ಬಿಟ್ಟಿಲ್ಲ. ಮುರ್ಜಾ ಮಾತ್ರ ಈಗ ಹೊಸ ಪ್ರಯೋಗಕ್ಕೆ ಸೇರುವ ಪ್ರತಿಯೊಬ್ಬರನ್ನೂ ಮೊದಲು ಕೇಳುವುದು ಒಂದೇ ಪ್ರಶ್ನೆ:

"ನಿಮ್ಮ ಮನೇಲಿ ಬಡಗಿಗಳು ಯಾರಾದ್ರೂ ಇದ್ದಾರಾ?"