ಸೊಸೆಯ ಮಧ್ಯಾಹ್ನದ ನಿದ್ದೆ

ಹೊಟ್ಟೆಯಲ್ಲೇ ಮಗು ತೀರಿಕೊಂಡ ಮೇಲೆ ನನ್ನ ಸೊಸೆ ಮಾತು ಬಿಟ್ಟಳು. ಅವಳ ಊಟ, ನಿದ್ದೆ, ಅಳು ಎಲ್ಲವನ್ನೂ ತಾರೀಖು ಹಾಕಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಶಿಕಾರಿಪುರದ ಆಪ್ತಸಮಾಲೋಚಕಿಯ ಮುಂದೆ ಅದನ್ನು ಹೆಮ್ಮೆಯಿಂದಲೇ ಓದತೊಡಗಿದೆ.

“ಮಧ್ಯಾಹ್ನ ದಿನಾ ಮೂರು ತಾಸು ನಿದ್ದೆ ಮಾಡ್ತಾಳ್ರೀ.”

ಆಕೆ ಸೊಸೆಯ ಕಡೆ ತಿರುಗಿದರು. “ಹೌದೇನಮ್ಮಾ?”

ಅವಳ ಪರವಾಗಿ ನಾನೇ ಹೇಳಹೊರಟರೆ ಆಕೆ ಕೈಸನ್ನೆ ಮಾಡಿ ತಡೆದರು.

“ನಿದ್ದೆ ಅಲ್ರೀ,” ಎಂದಳು ಸೊಸೆ ಕೊನೆಗೆ. “ಅತ್ತೆ ಬಾಗಿಲಲ್ಲಿ ನಿಂತು ಬರ್ಕೋತಾರೆ. ಅದಕ್ಕೆ ಕಣ್ಣು ಮುಚ್ಕೊಂಡಿರ್ತೀನಿ.”

ನಮ್ಮೂರು ತಾಳಗುಂದಕ್ಕೆ ಮರಳಿ ನೋಟ್‌ಬುಕ್ಕಿನಲ್ಲಿ ಅಂದಿನ ತಾರೀಖು ಹಾಕಿದೆ. ‘ಹೇಗಿದೀಯಾ’ ಎಂದು ಅವಳನ್ನೇ ಕೇಳದೆ ಮುಂದೆ ಬರೆಯುವಂತಿರಲಿಲ್ಲ. ಬಿ.ಎ. ಪಾಸಾದ ನನಗೆ ಅದೊಂದು ಪ್ರಶ್ನೆ ಕೇಳಲು ಬರಲಿಲ್ಲ.