ಮರ್ಯಾದೆಗೆ ಬಿಟ್ಟ ಚೆಂಡು

ಮಾನ್ಯರೇ, ಮಹನೀಯರೇ, ಮೊಬೈಲ್ ಹಿಡಿದ ಮಹಾಜನರೇ! ನಿನ್ನೆ ಟಿವಿಯಲ್ಲಿ ಟೆನಿಸ್ ಚಾಂಪಿಯನ್ ಒಬ್ಬಳು ವಿದಾಯದ ಡಬಲ್ಸ್ ಫೈನಲ್ ಸೋತು, ಜೊತೆಗಾತಿಯನ್ನು ತಬ್ಬಿ ಅತ್ತಳು. ನನಗೆ ಕೊಳ್ಳೇಗಾಲದ ಕ್ಲಬ್ಬಿನಲ್ಲಿ ನೀರು ಚಿಮುಕಿಸಿದ ಕೆಮ್ಮಣ್ಣಿನ ಟೆನಿಸ್ ಕೋರ್ಟಿನ ವಾಸನೆ ಬಂತು.

ಅಲ್ಲಿ ಅಪ್ಪ ಆಡಿದ ಡಬಲ್ಸ್ ಫೈನಲ್ಲೂ ಅವರ ಪಾಲಿಗೆ ಕೊನೆಯದು. ಎದೆನೋವು ಬಂದಿದ್ದರಿಂದ ಡಾಕ್ಟರು ಆಟ ಸಾಕೆಂದಿದ್ದರು. ಒಂದು ಸಲ ಕಪ್ಪು ಗೆದ್ದೇ ಬಿಡುತ್ತೇನೆಂದು ಇವರ ಹಟ. ಜೊತೆಗಾರರು ಅಮ್ಮನ ಅಣ್ಣ, ಮಾಂಬಳ್ಳಿ ಮಾವ. ಕೊನೆಯ ಚೆಂಡು ಇಬ್ಬರ ಮಧ್ಯಕ್ಕೆ ಬಂತು.

“ದೊಡ್ಡೋರು, ನೀವೇ ಒಡೀರಿ ಬಾವ,” ಅಂದರು ಅಪ್ಪ.

“ಮನೆ ಅಳಿಯಂದ್ರು ಕಣ್ರಿ, ನೀವೇ ಒಡೀರಿ!”

ಮರ್ಯಾದೆ ಮುಗಿಯುವಷ್ಟರಲ್ಲಿ ಮ್ಯಾಚು ಮುಗಿದಿತ್ತು. ಸುತ್ತ ನಿಂತವರೆಲ್ಲ ನಕ್ಕರು, ಅಪ್ಪನೂ ನಕ್ಕರು. ಮನೆಗೆ ಬಂದು ರ‍್ಯಾಕೆಟ್ಟನ್ನು ಹಳೇ ಪಂಚೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು. ಆಮೇಲೆ ಕ್ಲಬ್ಬಿನ ಆ ಬೀದಿಯಲ್ಲೇ ಓಡಾಡಲಿಲ್ಲ.

ಈ ಕಥೆ ಹೇಳಿ ಎಲ್ಲರನ್ನೂ ನಗಿಸುತ್ತೇನೆ. ನಿಜ ಹೇಳಲೇ? ನನಗೆ ಒಮ್ಮೆಯೂ ನಗು ಬಂದಿಲ್ಲ.