ಪೂಜೆ ಆದ ಕಂಪ್ಯೂಟರ್

ಕಂಪ್ಯೂಟರಿನ ಹಣೆಗೆ ಮೂರು ಬೆರಳು ವಿಭೂತಿ, ನಡುವೆ ಕುಂಕುಮ. ಕೀಬೋರ್ಡಿನ ಮೇಲೆ ಚೆಂಡುಹೂವು. ಮೌಸಿಗೂ ಒಂದು (ಪಾಪ, ಅದೂ ದುಡಿಯುತ್ತದಲ್ಲ!). ಆಯುಧಪೂಜೆ ರಜೆಯ ಹಿಂದಿನ ದಿನ ಭದ್ರಾವತಿಯ ಒಂದು ಸರ್ಕಾರಿ ಕೌಂಟರಿನಲ್ಲಿ ನನಗಾದ ದರ್ಶನ ಇದು.

ಜೊತೆಗಿದ್ದವಳು ಸೆಲ್ವಿ. ಜನ್ನಾಪುರದಲ್ಲಿ ನಮ್ಮ ಪಕ್ಕದ ಮನೆಯವಳು, ಮಾಚೇನಹಳ್ಳಿಯ ವರ್ಕ್‌ಶಾಪಿನಲ್ಲಿ ಕೆಲಸ. ಮಗಳಿಗೆ ಶಿವಮೊಗ್ಗದಲ್ಲಿ ಹಾಸ್ಟೆಲ್ ಸೀಟು ಸಿಕ್ಕಿದೆ. ಆದರೆ ಆದಾಯ ಪ್ರಮಾಣಪತ್ರ ಅವತ್ತು ಸಂಜೆಯೊಳಗೆ ತಲುಪಬೇಕು, ಇಲ್ಲದಿದ್ದರೆ ಸೀಟು ಬೇರೆಯವರಿಗೆ. ತನಿಖೆ, ಒಪ್ಪಿಗೆ ಎಲ್ಲ ಮುಗಿದಿತ್ತು. ಸಹಿಯೂ ಕಂಪ್ಯೂಟರಿನೊಳಗೇ ಇದೆಯಂತೆ! ಪ್ರಿಂಟ್ ಒಂದೇ ಬಾಕಿ.

"ಇವತ್ತು ಆಗಲ್ಲಮ್ಮ. ಪೂಜೆ ಆಗಿದೆ, ಮುಟ್ಟಂಗಿಲ್ಲ. ಹಬ್ಬ ಮುಗಿಸ್ಕೊಂಡು ಬನ್ನಿ" ಎಂದ ಆಪರೇಟರ್, ಬಾಯಿ ತುಂಬ ಮಂಡಕ್ಕಿ.

ಗುಂಡಿ ಒತ್ತಿದರೆ ಸಾಕು, ಸರ್ಟಿಫಿಕೇಟ್ ಕೈಗೆ ಎಂದು ಗೋಡೆಯ ಮೇಲೆ ಹೊಸ ಬೋರ್ಡು ಬೇರೆ. ಗುಂಡಿಯ ಮೇಲೆ ಹೂವು ಕೂತರೆ ಏನು ಮಾಡಬೇಕು? ಅದನ್ನು ಬರೆದಿರಲಿಲ್ಲ.

ನಾನೂ ಈಳಿಗೆಮಣೆಗೆ ಕುಂಕುಮ ಇಡುವ ಮನೆಯವನೇ. ದೇವರ ವಿಷಯದಲ್ಲಿ ಜಗಳ ಯಾಕೆ ಎಂದುಕೊಂಡು "ನಡಿ ಸೆಲ್ವಿ, ಹೋಗೋಣ" ಎಂದೆ.

ಅವಳು ಬೆಂಚಿನ ಮೇಲೆ ಗಟ್ಟಿಯಾಗಿ ಕೂತಳು. "ನೀವ್ ಹೋಗಿ ಸಾರ್. ನಾನ್ ಪೇಪರ್ ತಗೊಂಡೇ ಬರ್ತೀನಿ."

ಅಷ್ಟರಲ್ಲಿ ಹೊರಗೆ ಆಫೀಸಿನ ಜೀಪು ಸ್ಟಾರ್ಟ್ ಆಯಿತು. ಮುಂದೆ ಬಾಳೆಕಂದು, ಚಕ್ರದಡಿ ನಿಂಬೆಹಣ್ಣು. ಪಚಕ್! ಸಾಹೇಬರು ಊಟಕ್ಕೆ ಹೊರಟರು.

ಸೆಲ್ವಿ ಎದ್ದು ಕೌಂಟರಿಗೆ ಬಂದಳು. "ಸಾರ್, ಆ ಜೀಪಿಗೆ ಪೂಜೆ ಆಗಿಲ್ವಾ?"

"ಈಗಷ್ಟೇ ಆಯ್ತಲ್ಲ."

"ಮತ್ತೆ ಅದ್ ಹೆಂಗ್ ಓಡ್ತು?"

ಆಪರೇಟರ್ ಮಂಡಕ್ಕಿ ಅಗಿಯುವುದನ್ನು ನಿಲ್ಲಿಸಿದ. "ಅದು ಗಾಡಿ ಕಣಮ್ಮ. ಪೂಜೆ ಆದ್ಮೇಲೆ ಒಂದು ರೌಂಡ್ ಓಡಿಸ್ಲೇಬೇಕು."

"ಹಂಗಾದ್ರೆ ಇದನ್ನೂ ಒಂದು ರೌಂಡ್ ಓಡಿಸಿ. ನಿಂಬೆಹಣ್ಣು ಬೇಕಾದ್ರೆ ನಾನ್ ತರ್ತೀನಿ."

ಹಿಂದೆ ನಿಂತಿದ್ದ ಕ್ಯೂ ಪೂರ್ತಿ ನಕ್ಕಿತು. "ನಮ್ದೂ ಐತೆ, ಓಡ್ಸಿ ಮಾರಾಯ್ರೇ" ಎಂದರು ಯಾರೋ. ಆಪರೇಟರ್ ಒಳ್ಳೆಯ ಮನುಷ್ಯ, ಅವನಿಗೂ ನಗು ಬಂತು. ಕೈಮುಗಿದು ಹೂವು ಸರಿಸಿ ಸ್ವಿಚ್ ಒತ್ತಿದ. ಪ್ರಿಂಟರ್ ಕರಕರ ಎಂದಾಗ ನನಗೆ ಕುಣಿಯುವಷ್ಟು ಖುಷಿ. ಸುಮ್ಮನೆ ಮನೆಗೆ ಹೊರಟಿದ್ದೆನಲ್ಲ ಎಂದು ನಾಚಿಕೆಯೂ ಆಯಿತು.

ನನ್ನ ಸ್ಕೂಟರಿನಲ್ಲೇ ಶಿವಮೊಗ್ಗಕ್ಕೆ ಹೋದೆವು. ಹಾಸ್ಟೆಲಿನವರು ಕಾಗದದ ಮೂಲೆಯ ಕೆಂಪು ಗುರುತು ನೋಡಿ "ಏನ್ರೀ ಇದು?" ಎಂದರು. "ಪ್ರಸಾದ" ಎಂದಳು ಸೆಲ್ವಿ. ಸೀಟು ಉಳಿಯಿತು.

ನನ್ನದೊಂದು ಪ್ರಶ್ನೆ ಮಾತ್ರ ಉಳಿದಿದೆ. ಸಾಹೇಬರ ಊಟಕ್ಕೆ ಎದ್ದು ಓಡುವ ದೇವರು, ಸೆಲ್ವಿಯ ಮಗಳ ಸೀಟಿಗೆ ಮಾತ್ರ ಯಾಕೆ ಕೂತುಬಿಡುತ್ತಾನೆ?